ಹೋದನು, ಹೋದನಂತೆ

ತಂಗಿಯ ಮಗಳು ನಮ್ಮ ಟೈಲರ್ ಅಂಗಡಿಯ ಮೆಟ್ಟಿಲು ಹತ್ತಿ ಬಂದದ್ದು ಸೋಮವಾರ ಬೆಳಿಗ್ಗೆ. ನಾನು ಶಾಲೆಯ ಅಂಗಿಗಳಿಗೆ ಕಾಜಾ ಹೊಲಿಯುತ್ತಿದ್ದೆ. ಇಪ್ಪತ್ತಾರು ವರ್ಷಗಳಿಂದ ಆ ಮನೆಯವರು ನಾನಿರುವ ದಿಕ್ಕಿಗೆ ತಲೆ ಹಾಕಿಯೂ ಮಲಗಿದವರಲ್ಲ. ಹಾಗಾಗಿ ಸೂಜಿ ಬಟ್ಟೆಯಲ್ಲೇ ನಿಂತಿತು.

"ದೊಡ್ಡಮ್ಮ, ಅಮ್ಮನ್ನ ನನ್ನ ಜೊತೆ ಕರ್ಕೊಂಡು ಹೋಗ್ತಿದೀನಿ. ಶನಿವಾರ ಹೊರಡೋದು. ಇನ್ನು ಈ ಊರಿಗೆ ಬರೋದು ಅಷ್ಟರಲ್ಲೇ ಇದೆ."

"ಹೋಗೋ ಮುಂಚೆ ನನ್ನ ಮುಖ ನೋಡ್ತಾಳಂತಾ?"

"ಕೇಳಿದೆ. 'ಅವಳು ಅಂತೆ ಅಂದಿದ್ಳು ಅನ್ನೋದಕ್ಕೆ ಕೋರ್ಟಿನ ಕಾಗದ ತರ್ಲಿ, ಬಾಗಿಲು ತೆಗೀತೀನಿ. ಬಾಯಿಮಾತು ಕೇಳಿ ಕೇಳಿ ಕಿವಿ ತೂತಾಗಿದೆ' ಅಂದ್ರು."

ಈ 'ಅಂತೆ'ಯ ಕತೆ ಇಷ್ಟು. ತಂಗಿಯ ಗಂಡ ಒಂದು ಬಟ್ಟೆ ಗೋದಾಮಿನಲ್ಲಿ ಕಾವಲುಗಾರನಾಗಿದ್ದ. ಅದೇ ಕಟ್ಟಡದ ಮೇಲಂತಸ್ತಿನಲ್ಲಿ ನಾನು ಹೊಲಿಗೆಗಿದ್ದೆ. ಒಂದು ಸಂಜೆ ಗೋದಾಮಿಗೆ ಬೆಂಕಿ ಬಿತ್ತು. ಯಾರೂ ಸಾಯಲಿಲ್ಲ, ಸರಕೆಲ್ಲ ಬೂದಿಯಾಯಿತು. ಮೆಟ್ಟಿಲ ಬಳಿ ಒಬ್ಬ ಹಮಾಲಿ ನನಗೆ ಹೇಳಿದ್ದ, ಕಾವಲುಗಾರ ಸೀಮೆಎಣ್ಣೆ ಡಬ್ಬಿ ಹಿಡಿದುಕೊಂಡು ಹಿಂಬಾಗಿಲಿನಿಂದ ಒಳಗೆ ಹೋದ ಎಂದು. ಮಾರನೆಯ ದಿನ ಆ ಹಮಾಲಿ ಊರಲ್ಲೇ ಇರಲಿಲ್ಲ. ಪೊಲೀಸರ ಕೈಗೆ ಸಿಕ್ಕವಳು ನಾನು. ಕೋರ್ಟಿನಲ್ಲಿ ನಿಲ್ಲಿಸಿ ಕೇಳಿದಾಗ ನಾನು "ಡಬ್ಬಿ ಹಿಡ್ಕೊಂಡು ಹೋದನಂತೆ" ಎಂದೆ. ತೀರ್ಪು ಬಂದಾಗ ಅದರಲ್ಲಿ, ಆರೋಪಿಯ ಹೆಂಡತಿಯ ಒಡಹುಟ್ಟಿದ ಅಕ್ಕನೇ ಕಣ್ಣಾರೆ ಕಂಡಿದ್ದಾಳೆ ಎಂದಿತ್ತು. ಮೂರು ವರ್ಷ ಶಿಕ್ಷೆಯಾಯಿತು. ಒಳಗೆ ಹೋಗಿ ಬಂದವನಿಗೆ ಬಾಗಿಲು ಕಾಯುವ ಕೆಲಸ ಯಾರು ಕೊಡುತ್ತಾರೆ? ಬಿಡುಗಡೆಯಾದ ಮೇಲೆ ಆರು ವರ್ಷ ಗೋಡೆ ನೋಡಿಕೊಂಡು ಕೂತಿದ್ದು ತೀರಿಕೊಂಡ.

ಅಮ್ಮನ ಹೊಲಿಗೆ ಯಂತ್ರ ತಂಗಿಯ ಪಾಲಿಗೆ ಹೋದದ್ದಕ್ಕೆ ನಾನು ಹೀಗೆ ಹೊಟ್ಟೆಕಿಚ್ಚು ತೀರಿಸಿಕೊಂಡೆ ಎಂದು ಅವಳು ನಂಬಿದಳು. ನಾನು ಸಿಕ್ಕಸಿಕ್ಕವರ ಹತ್ತಿರ "ನಾನು ಅಂತೆ ಅಂದಿದ್ದೆ, ಅಂತೆ ಅಂದಿದ್ದೆ" ಎಂದು ಹೇಳಿಕೊಂಡು ತಿರುಗಿದೆ. ಹೇಳಿ ಕಳಿಸಿದ ಮಾತು ಅವಳನ್ನು ತಲುಪುತ್ತಿತ್ತು, ಉತ್ತರ ಮಾತ್ರ ಬರುತ್ತಿರಲಿಲ್ಲ.

"ಕೋರ್ಟಿನ ಕಾಗದ ನನಗೆ ಯಾರು ಕೊಡ್ತಾರೆ ತಾಯಿ?" ಎಂದೆ.

"ಯಾರು ಬೇಕಾದ್ರೂ ಕೇಳಬಹುದು ದೊಡ್ಡಮ್ಮ. ಹೋಗಿ ನೋಡಿ."

ಮಂಗಳವಾರ ಅರ್ಧ ದಿನ ರಜೆ ಹಾಕಿ ಹೋದೆ. ಕೋರ್ಟಿನ ಗೇಟಿನ ಪಕ್ಕ ತಗಡಿನ ನೆರಳಿನಲ್ಲಿ ಒಬ್ಬ ಬೆರಳಚ್ಚುಗಾರ ಕೂತಿದ್ದ. "ಅಜ್ಜಿ, ವಕೀಲರಿಲ್ಲದೆ ಒಳಗೆ ಹೋಗೋದು ಅಂದ್ರೆ ಗೋಡೆಗೆ ತಲೆ ಚಚ್ಚಿಕೊಂಡ ಹಾಗೆ" ಎಂದು ಹೆದರಿಸಿದ. ಗೋಡೆಯನ್ನೇ ನೋಡಿ ಬರೋಣ ಎಂದು ಒಳಗೆ ಹೋದೆ. ಮಾಹಿತಿ ಕೇಳುವ ಕಿಟಕಿಯಲ್ಲಿದ್ದ ಹೆಂಗಸು ಟಿಫಿನ್ ಡಬ್ಬಿಯ ಮುಚ್ಚಳ ಹಾಕುತ್ತ ಹೇಳಿದಳು, "ಮಕ್ಕಳ ಕೇಸು, ಗಂಡ ಹೆಂಡತಿ ಕೇಸು, ಮುಚ್ಚಿಡಿ ಅಂತ ಜಡ್ಜ್ ಹೇಳಿರೋದು, ಇಷ್ಟು ಬಿಟ್ರೆ ಮಿಕ್ಕಿದ್ದನ್ನೆಲ್ಲ ಯಾರು ಬೇಕಾದ್ರೂ ನೋಡಬಹುದಮ್ಮ. ಹತ್ತು ವರ್ಷದ ಒಳಗಿನದಾದ್ರೆ ಅಲ್ಲಿ ಕಂಪ್ಯೂಟರಲ್ಲಿ ಇರುತ್ತೆ. ಹಳೇದಾದ್ರೆ ಹಿಂದುಗಡೆ ರೆಕಾರ್ಡ್ ರೂಮು."

ರೆಕಾರ್ಡ್ ರೂಮೆಂದರೆ ಮೆಟ್ಟಿಲ ಕೆಳಗಿನ ಉದ್ದನೆಯ ಕೋಣೆ. ಕಬ್ಬಿಣದ ಕಪಾಟುಗಳು ಸೂರು ಮುಟ್ಟುತ್ತಿದ್ದವು. ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಡತಗಳಿಂದ ಹಳೆ ಅಂಟಿನ ವಾಸನೆ. ಬಾಗಿಲಿಗೆ ಅಡ್ಡಲಾಗಿ ಮೇಜು ಹಾಕಿಕೊಂಡು ದಪ್ಪ ಕನ್ನಡಕದ ಗುಮಾಸ್ತ ಕೂತಿದ್ದ.

"ಪಾರ್ಟಿನಾ ನೀವು?"

"ಪಾರ್ಟಿ ಅಲ್ಲಪ್ಪ, ಸಾಕ್ಷಿ."

"ಕೇಸ್ ನಂಬರ್?"

"ಗೊತ್ತಿಲ್ಲ."

"ವರ್ಷ?"

"ಬಟ್ಟೆ ಗೋದಾಮಿಗೆ ಬೆಂಕಿ ಬಿತ್ತಲ್ಲ, ಆ ವರ್ಷ."

"ನಮ್ಮ ರಿಜಿಸ್ಟರಲ್ಲಿ ಬೆಂಕಿಗೊಂದು, ಮಳೆಗೊಂದು ಕಾಲಂ ಇಲ್ಲಮ್ಮ" ಎಂದ. ಆದರೂ ಎದ್ದ. ನಾನು ಆರೋಪಿಯ ಹೆಸರು ಹೇಳಿ, ಇಪ್ಪತ್ತೈದು ಇಪ್ಪತ್ತಾರು ವರ್ಷದ ಹಿಂದಿನದು ಎಂದೆ. ಹೆಸರಿನ ಮೊದಲ ಅಕ್ಷರ ಹಿಡಿದು ಮೂರು ವರ್ಷದ ರಿಜಿಸ್ಟರುಗಳನ್ನು ತೆಗೆದು, ಬೆರಳಿಗೆ ಎಂಜಲು ಹಚ್ಚಿಕೊಂಡು ಹಾಳೆ ತಿರುವಿದ. ಕೊನೆಗೆ ಒಂದು ಸಾಲಿನ ಮೇಲೆ ಬೆರಳಿಟ್ಟು "ಹಾಂ, ಸಿಕ್ತು. ಇದು ವಿಲೇವಾರಿ ಆಗಿದೆ" ಎಂದ.

ನಮ್ಮ ಬೀದಿಗೆ ಬರುವ ಲಾರಿಯ ಮೇಲೆ 'ಕಸ ವಿಲೇವಾರಿ' ಎಂದು ಬರೆದಿರುತ್ತದೆ, ಅದನ್ನು ದಿನಾ ಓದುತ್ತೇನೆ. ಸರಿ, ಎಸೆದಿದ್ದಾರೆ, ಇನ್ನೇನು ಕೇಳುವುದು ಎಂದು ಚೀಲ ಎತ್ತಿಕೊಂಡೆ.

"ಎಲ್ಲಿಗೆ ಹೊರಟ್ರಿ?"

"ಎಸೆದುಬಿಟ್ಟಿದೀರಲ್ಲಪ್ಪ."

ಅವನು ನಕ್ಕ ರಭಸಕ್ಕೆ ಕನ್ನಡಕ ಮೂಗಿನ ತುದಿಗೆ ಬಂತು. "ವಿಲೇವಾರಿ ಅಂದ್ರೆ ಕೇಸು ತೀರ್ಮಾನ ಆಯ್ತು ಅಂತ. ಎಸೆದಿದ್ರೆ ಕೆಂಪು ಶಾಯಿಲಿ 'ನಾಶ' ಅಂತ ಬರೆದಿರ್ತಿತ್ತು. ಮೂವತ್ತು ವರ್ಷ ಇಡ್ತೀವಿ. ಇನ್ನು ನಾಲ್ಕು ವರ್ಷ ಬಿಟ್ಟು ಬಂದಿದ್ರೆ ನಿಮ್ಮ ಮಾತು ನಿಜ ಆಗಿರೋದು." ಆಮೇಲೆ ಏನೋ ಹೊಳೆದವನ ಹಾಗೆ, "ಅಲ್ಲ, ಎಷ್ಟೋ ಜನ ನಾನು ಹೀಗಂದ ತಕ್ಷಣ ಎದ್ದು ಹೋಗಿದ್ದಾರೆ. ಯಾಕೆ ಅಂತ ಇವತ್ತು ಗೊತ್ತಾಯ್ತು" ಎಂದ.

"ನೀವು ಕರೆದು ಕೇಳಲಿಲ್ವಾ?"

"ಅವರೂ ಕೇಳಲಿಲ್ವಲ್ಲಮ್ಮ!"

ಅರ್ಜಿಯ ಹಾಳೆಯನ್ನು ನಾನೇ ತುಂಬಿದೆ. ಅಕ್ಷರ ಕಲಿತದ್ದು ಐವತ್ತು ದಾಟಿದ ಮೇಲೆ, ಹಾಗಾಗಿ ನಿಧಾನ. ಹಿಂದೆ ನಿಂತಿದ್ದ ಇಬ್ಬರು ನಿಟ್ಟುಸಿರು ಬಿಟ್ಟರು. ಬೇಕಾದ ದಾಖಲೆ: ಸಾಕ್ಷಿಯ ಹೇಳಿಕೆ. ಅರ್ಜಿದಾರರು ಕಕ್ಷಿದಾರರಲ್ಲದಿದ್ದರೆ ಕಾರಣ: ಅಲ್ಲಿ ಸ್ವಲ್ಪ ಹೊತ್ತು ಯೋಚಿಸಿ, 'ನಾನು ಏನು ಹೇಳಿದೆ ಎಂದು ತಿಳಿಯಲು' ಎಂದು ಬರೆದೆ.

ಗುಮಾಸ್ತ ಅದನ್ನು ಎರಡು ಸಲ ಓದಿದ. "ನೀವು ಹೇಳಿದ್ದು ನಿಮಗೇ ಗೊತ್ತಿಲ್ವಾ?"

"ಹೇಳಿದ್ದು ಗೊತ್ತು. ಬರ್ಕೊಂಡಿದ್ದು ಗೊತ್ತಿಲ್ಲ."

ಈ ಸಲ ಅವನು ನಗಲಿಲ್ಲ. ಸ್ಟಾಂಪು ಅಂಟಿಸಿ, ಮೇಲೆ 'ತುರ್ತು' ಎಂದು ಬರೆದು, ಗುರುವಾರ ಮಧ್ಯಾಹ್ನ ಬನ್ನಿ ಎಂದ.

ಗುರುವಾರ ಮೊಹರು ಒತ್ತಿದ ಎರಡು ಹಾಳೆ ಕೈಗೆ ಬಂದವು. ಮೆಟ್ಟಿಲ ಪಕ್ಕದ ಬೆಂಚಿನ ಮೇಲೆ ಕೂತು, ಬೆರಳು ಓಡಿಸಿಕೊಂಡು ಓದಿದೆ. ಮೊದಲ ಹಾಳೆಯಲ್ಲಿ ನಾನು ಯಾರು, ಎಲ್ಲಿ ಕೆಲಸ, ಆರೋಪಿ ನನಗೆ ಏನಾಗಬೇಕು ಎಂಬುದೆಲ್ಲ ಇತ್ತು. ಎರಡನೆಯದರಲ್ಲಿ ಇದು:

'ಆರೋಪಿಯು ಸೀಮೆಎಣ್ಣೆ ಡಬ್ಬಿಯನ್ನು ಹಿಡಿದುಕೊಂಡು ಹಿಂಬಾಗಿಲಿನ ಮೂಲಕ ಗೋದಾಮಿನ ಒಳಗೆ ಹೋದನು.'

ಹೋದನು. ನಾನು ಆ ಪದದ ಮುಂದೆ, ಹಿಂದೆ, ಮೇಲಿನ ಸಾಲು, ಕೆಳಗಿನ ಸಾಲು ಎಲ್ಲ ಹುಡುಕಿದೆ. ಅಂತೆ ಎಲ್ಲೂ ಇರಲಿಲ್ಲ. ಅದರ ಕೆಳಗೆ 'ಪಾಟೀಸವಾಲು: ಇಲ್ಲ' ಎಂದಿತ್ತು. ಅಂದರೆ ಅವನ ಕಡೆಯ ವಕೀಲ ನನ್ನನ್ನು ಒಂದೇ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಕೊನೆಯಲ್ಲಿ 'ಓದಿ ಹೇಳಲಾಯಿತು, ಸರಿ ಇದೆ ಎಂದು ಒಪ್ಪಿರುತ್ತಾರೆ'. ಅದರ ಪಕ್ಕ ಒಂದು ಕಪ್ಪು ಮಚ್ಚೆ, ನನ್ನ ಹೆಬ್ಬೆಟ್ಟು.

ಓದಿ ಹೇಳಿದ್ದು ನಿಜ. ಅದನ್ನು ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ನೆನಪು ಬರದಂತೆ ನೋಡಿಕೊಂಡಿದ್ದೆ, ಅಷ್ಟೇ. ಅವತ್ತು ನಾನು ಎರಡು ಸಲ ಹೋದನಂತೆ, ಹೋದನಂತೆ ಎಂದಾಗ ಸರ್ಕಾರಿ ವಕೀಲ "ಅಂತೆ ಕಂತೆಯೆಲ್ಲ ಬಾವಿಕಟ್ಟೆಲಿ ಇಟ್ಕೊಳ್ಳಮ್ಮ, ಇಲ್ಲಿ ಬೇಡ" ಎಂದಿದ್ದ. ಇಡೀ ಕೋರ್ಟು ಗೊಳ್ಳೆಂದು ನಕ್ಕಿತ್ತು. ಆಮೇಲೆ ಟೈಪಿನವನು ಗಡಗಡ ಓದಿದ. 'ಹೋದನು' ಎಂದದ್ದು ನನ್ನ ಕಿವಿಗೆ ಬಿತ್ತು. ಬಾಯಿ ತೆರೆದರೆ ಮತ್ತೆ ನಗುತ್ತಾರೆ ಎನಿಸಿತು. ಸರೀನಾ ಎಂದು ಕೇಳಿದರು. ಹೂಂ ಎಂದೆ.

ಶುಕ್ರವಾರ ಮಧ್ಯಾಹ್ನ ತಂಗಿಯ ಮನೆಗೆ ಹೋದೆ. ಅವಳ ಮಗಳು ಬಾಗಿಲು ತೆಗೆದು, ಪಾತ್ರೆ ಕಟ್ಟುವುದಿದೆ ಎಂದು ಅಡುಗೆಮನೆಗೆ ಹೋದಳು. ನಡುಮನೆ ತುಂಬ ಗಂಟು, ಪೆಟ್ಟಿಗೆ. ಮೊಳೆ ಕಿತ್ತ ಗೋಡೆಗಳಲ್ಲಿ ತೂತುಗಳು. ತಂಗಿ ಒಂದು ಟ್ರಂಕಿನ ಮೇಲೆ ಕೂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕೂತುಕೋ ಎನ್ನಲಿಲ್ಲ.

"ತಂದ್ಯಾ?"

"ತಂದೆ. ಮಗಳನ್ನ ಕರಿ, ಓದ್ತಾಳೆ."

"ಅವಳು ಬೇಡ. ನೀನು ಈಗ ಓದೋದು ಬರೆಯೋದು ಕಲ್ತಿದೀಯಂತಲ್ಲ. ನೀನೇ ಓದು. ನಿನ್ನ ಬಾಯಿಂದಲೇ ಕೇಳ್ಬೇಕು."

ತಂಗಿಗೆ ಅಕ್ಷರ ಬರುವುದಿಲ್ಲ. ನಾನು ನಿಂತೇ ಓದಲು ಶುರು ಮಾಡಿದೆ. ಮೊದಲ ಹಾಳೆ ಮುಗಿಯಿತು. ಎರಡನೆಯದಕ್ಕೆ ಬಂದೆ. ಆರೋಪಿಯು, ಡಬ್ಬಿಯನ್ನು, ಹಿಂಬಾಗಿಲಿನ ಮೂಲಕ. ಮುಂದಿನ ಪದ ನನಗೆ ಕಾಣುತ್ತಿತ್ತು. ಅದನ್ನು ಬದಲಿಸಲು ಏನು ಕಷ್ಟ? ಅವರು ತೆಗೆದದ್ದನ್ನು ನಾನು ವಾಪಸ್ಸು ಇಡುವುದು, ಅಷ್ಟೇ ತಾನೇ? ಮೇಲಾಗಿ ನಿಜವಾಗಿ ಹೇಳಿದ್ದೂ ಅದನ್ನೇ.

"...ಗೋದಾಮಿನ ಒಳಗೆ ಹೋದನಂತೆ" ಎಂದು ಓದಿದೆ.

ತಂಗಿ ತಲೆ ಎತ್ತಿದಳು. "ಇನ್ನೊಂದು ಸಲ ಓದು."

"ಹೋದನಂತೆ."

ಅವಳು ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಿಂದ "ಅಯ್ಯೋ ಅಕ್ಕ, ಅಯ್ಯೋ ನನ್ನಕ್ಕ" ಎಂದಳು. ಇಪ್ಪತ್ತಾರು ವರ್ಷ ಕಾದಿದ್ದ ಮಾತು. ಅವಳು ಎದ್ದು, ಕಟ್ಟಿದ್ದ ಒಂದು ಗಂಟನ್ನೇ ಬಿಚ್ಚಿ, ಒಳಗಿಂದ ಲೋಟ ಹುಡುಕಿ ತೆಗೆದು, ನನಗೆಂದು ನೀರು ತುಂಬತೊಡಗಿದಳು. ಅವಸರಕ್ಕೆ ಅರ್ಧ ನೀರು ನೆಲಕ್ಕೆ ಹೋಯಿತು. "ನಿನ್ನನ್ನ ಎಷ್ಟು ಬೈದೆ, ಎಂಥೆಂಥ ಶಾಪ ಹಾಕ್ದೆ" ಎನ್ನುತ್ತಲೇ ಇದ್ದಳು.

ಆ ಲೋಟವನ್ನು ನಾನು ಹೇಗೆ ಮುಟ್ಟಲಿ?

"ಇಲ್ಲಿ ಅಂತೆ ಇಲ್ಲ ಕಣೇ" ಎಂದೆ.

"ಏನು?"

"ಕಾಗದದಲ್ಲಿ ಹೋದನು ಅಂತಿದೆ. ನಾನು ಸೇರಿಸಿ ಓದ್ದೆ."

ಅವಳು ಲೋಟ ಹಿಡಿದುಕೊಂಡೇ ನಿಂತಳು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ನಾನು ಉಳಿದದ್ದನ್ನೂ ಹೇಳಿದೆ. ಅಂತೆ ಎಂದದ್ದು, ವಕೀಲ ಗದರಿದ್ದು, ಜನ ನಕ್ಕದ್ದು, ಓದಿ ಹೇಳಿದ್ದು, ಕೇಳಿಸಿಯೂ ಹೂಂ ಎಂದದ್ದು.

"ಯಾಕೆ?" ಎಂದಳು.

"ಮತ್ತೆ ನಗ್ತಾರೆ ಅಂತ."

"ಮೆಷೀನಿನ ಸಿಟ್ಟಿಗಲ್ವಾ?"

"ಅಲ್ಲ. ಅದು ನೆನಪೂ ಆಗ್ಲಿಲ್ಲ ಅವತ್ತು."

"ನಗ್ತಾರೆ ಅಂತ" ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಟ್ರಂಕಿನ ಮೇಲೆ ಮತ್ತೆ ಕೂತಳು. "ಸಿಟ್ಟಿಗೆ ಮಾಡಿದ್ರೆ ಬೈಕೊಂಡಾದ್ರೂ ಇರ್ತಿದ್ದೆ ಕಣೇ. ಏನೋ ದೊಡ್ಡ ಹಗೆ ಇದೆ ಅಂದ್ಕೊಂಡಿದ್ದೆ. ಇಷ್ಟಕ್ಕಾ? ಇಷ್ಟಕ್ಕೆ ಅವರು ಮೂರು ವರ್ಷ ಒಳಗಿದ್ರಾ?"

ಅವಳ ಮಗಳು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಿದ್ದಳು. "ದೊಡ್ಡಮ್ಮ, ನಮ್ಮ ವಕೀಲರೂ ಏನೂ ಕೇಳ್ಲಿಲ್ವಾ?" ಎಂದಳು. ಇಲ್ಲ ಎಂದು ಆ ಸಾಲು ತೋರಿಸಿದೆ. ತಂಗಿ ಕೈ ಚಾಚಿದಳು. "ಕೊಡು ಇಲ್ಲಿ. ನಮ್ಮ ಯಜಮಾನರ ಹೆಸರು ಎಲ್ಲಿದೆ ತೋರ್ಸು."

ಮೊದಲ ಹಾಳೆಯ ಮೇಲ್ಭಾಗದಲ್ಲಿ ತೋರಿಸಿದೆ. ಅವಳು ಅದರ ಮೇಲೆ ಬೆರಳಾಡಿಸಿದಳು. ಆಮೇಲೆ ಹಾಳೆಗಳನ್ನು ಮಡಿಸಿ, ಟ್ರಂಕಿನ ಮುಚ್ಚಳ ಎತ್ತಿ, ಸೀರೆಗಳ ಕೆಳಗೆ ಇಟ್ಟಳು.

"ಹೋಗು ಈಗ" ಎಂದಳು.

ಹೋಗಿ ಬಾ ಎನ್ನಲಿಲ್ಲ. ನಾನು ಚಪ್ಪಲಿ ಮೆಟ್ಟಿ ಅಂಗಳಕ್ಕೆ ಇಳಿದೆ. ಹಿಂದಿನಿಂದ ಅವಳ ದನಿ ಕೇಳಿಸಿತು, "ಬಸ್ಸು ಬೆಳಿಗ್ಗೆ ಏಳಕ್ಕೆ."

ಸುಮ್ಮನೆ ನಡೆದುಬಿಡುವುದು ಸುಲಭವಾಗಿತ್ತು. ನಿಂತೆ. ತಿರುಗಿ ಕೇಳಿದೆ, "ನನಗೆ ಹೇಳಿದ್ಯಾ, ಮಗಳಿಗೆ ಹೇಳಿದ್ಯಾ?"

ತಂಗಿ ನನ್ನ ಕಡೆ ನೋಡದೆ, ನೀರು ಚೆಲ್ಲಿದ ಜಾಗವನ್ನು ಬಟ್ಟೆಯಿಂದ ಒರೆಸುತ್ತಿದ್ದಳು.

"ಅವಳಿಗೆ ಬಸ್ಸಿನ ಹೊತ್ತು ಗೊತ್ತು" ಎಂದಳು.