ರೆಕ್ಕೆ ಇಳಿಸುವ ಅಂಗಡಿ

ಆ ಸಿನಿಮಾ ಬಂದಮೇಲೆ ಊರಿನ ಹೆಂಗಸರಿಗೆಲ್ಲ ರೆಕ್ಕೆ ಮೂಡಿತ್ತು. ಯಾವುದೋ ನಕ್ಷತ್ರದ ಮಹಾರಾಣಿಯಂತೆ. ಹೊತ್ತಿ ಉರಿಯುವ ಗ್ರಹದ ಮುಂದೆ ಮೆಟ್ಟಿಲಿಳಿದು ಬರುತ್ತಾಳಂತೆ. ಅವಳ ನಿಲುವಂಗಿಯ ಭುಜದಿಂದ ಎರಡು ರೆಕ್ಕೆ ಚಾಚಿಕೊಂಡಿರುತ್ತವಂತೆ, ಕಾಲರ್ ಕಿವಿಯನ್ನೂ ದಾಟಿ ಮೇಲೆದ್ದಿರುತ್ತದಂತೆ. ಟೈಲರಮ್ಮ ಅದನ್ನು ನೋಡಿರಲಿಲ್ಲ. ನೋಡಬೇಕಾದ ಅಗತ್ಯವೂ ಇರಲಿಲ್ಲ, ಮಹಾರಾಣಿಯರೇ ದಿನಾ ಅವಳ ಅಂಗಡಿಗೆ ಬರುತ್ತಿದ್ದರು.

ದೊಡ್ಡ ಅಂಗಡಿಗಳವರು ಆ ನಿಲುವಂಗಿಯನ್ನು ಮೊಟಕು ಮಾಡಿ, ಬೆಳ್ಳಿ ಬಣ್ಣದ ಕೋಟು ಹೊಲಿಸಿ, ‘ದಿನಬಳಕೆಗೆ’ ಎಂದು ಚೀಟಿ ಅಂಟಿಸಿ ಮಾರಿದರು. ದಿನಬಳಕೆಯಂತೆ, ದಿನಬಳಕೆ! ಸಿನಿಮಾದ ಮಹಾರಾಣಿಗೆ ನೂಕುನುಗ್ಗಲಿನ ಬಸ್ಸು ಹತ್ತುವುದಿರಲಿಲ್ಲ, ಹಿಂದಿನಿಂದ ಯಾರಾದರೂ ಕೂಗಿದರೆ ತಿರುಗುವುದೂ ಇರಲಿಲ್ಲ. ಇಲ್ಲಿನವರಿಗೆ ಎರಡೂ ಇತ್ತು. ಹಲ್ಲಿನ ಡಾಕ್ಟರಮ್ಮ ಬಂದು, “ಬಗ್ಗಿದ್ರೆ ಕಾಲರ್ ಹೋಗಿ ಪೇಷಂಟ್ ಕಣ್ಣಿಗೆ ಚುಚ್ಚುತ್ತೆ” ಎಂದಳು. ಶಾಲೆಯ ಟೀಚರಿನದು ಇನ್ನೊಂದು ಗೋಳು. “ಬೋರ್ಡ್ ಮೇಲೆ ಬರೆಯೋಕೆ ಕೈ ಎತ್ತಿದ್ರೆ ರೆಕ್ಕೆ ಬಂದು ಕೆನ್ನೆಗೆ ಬಡಿಯುತ್ತೆ. ಮಕ್ಕಳು ಪಾಠ ಬಿಟ್ಟು ಅದಕ್ಕೇ ಕಾಯ್ತಾ ಕೂತಿರ್ತಾರೆ.”

“ಹಾಗಾದ್ರೆ ತೆಗೆದುಬಿಡ್ಲಾ?” ಎಂದರೆ ಇಬ್ಬರೂ ಕೋಟನ್ನು ಅವಚಿಕೊಳ್ಳುತ್ತಿದ್ದರು.

“ಅಯ್ಯೋ ಬೇಡ, ಸ್ವಲ್ಪ ಇಳಿಸಿ ಸಾಕು. ಇದ್ದ ಹಾಗೇ ಕಾಣ್ಬೇಕು.”

ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ಟೈಲರಮ್ಮ ಹೂಂ ಎನ್ನುತ್ತಿದ್ದಳು, ಇಳಿಸುತ್ತಿದ್ದಳು. ಹೊಸದಾಗಿ ಏನನ್ನಾದರೂ ಹೊಲಿದು ಎಷ್ಟು ಕಾಲವಾಯಿತೋ. ಈಗಿನ ಕೆಲಸವೆಲ್ಲ ಒಂದೇ. ಕಾಲರಿನ ಹೊಲಿಗೆ ಬಿಚ್ಚು, ಒಳಗಿನ ಗಟ್ಟಿ ಪಟ್ಟಿ ಎಳೆದು ತೆಗೆ, ಕತ್ತರಿಸು, ಅಂಚು ಮಡಚು, ಹೊಲಿ. ಮುಗಿಯಿತೆಂದರೆ ಗೋಡೆಯ ಮೊಳೆಯಿಂದ ಇನ್ನೊಂದು ಕೋಟು ತೆಗೆ. ಹೆಬ್ಬೆರಳಿನ ಬುಡದಲ್ಲಿ ನೋವು ಬಿಡಾರ ಹೂಡಿತ್ತು. ಅನ್ನ ಕಲಸುವಾಗಲೂ ಕೈಯಲ್ಲಿ ಕತ್ತರಿ ಇದ್ದಂತೆಯೇ ಅನ್ನಿಸುತ್ತಿತ್ತು. ಅವಳಿಗೆ ಸಿನಿಮಾದ ಮೇಲೆ ಸಿಟ್ಟಿರಲಿಲ್ಲ. ಸಿಟ್ಟು ಮಾಡಿಕೊಳ್ಳುವುದಕ್ಕೂ ಒಂದಿಷ್ಟು ತ್ರಾಣ ಬೇಕಲ್ಲ.

ಮನೆಯಲ್ಲಿ ಇನ್ನಿದ್ದವಳು ಮಗಳೊಬ್ಬಳೇ. ಬೀದಿಯವರೆಲ್ಲ ಅವಳನ್ನು ಸೂಜಿ ಎನ್ನುತ್ತಿದ್ದರು. ಮೈಯೂ ಹಾಗೇ, ಮಾತೂ ಹಾಗೇ. ತಾಯಿಯ ಕಾಲಬುಡದಲ್ಲಿ ಕೂತು ಹೊಲಿಗೆ ಕಲಿತವಳು, ಈಗ ಆ ಅಂಗಡಿಯಲ್ಲಿ ಉಸಿರು ಕಟ್ಟುತ್ತದೆ ಎನ್ನುತ್ತಿದ್ದಳು. ಸಿನಿಮಾಗಳಿಗೆ ಉಡುಪು ಮಾಡಿಕೊಡುವ ಒಂದು ಕಾರ್ಖಾನೆಯಲ್ಲಿ ಒಬ್ಬ ಸಹಾಯಕಿ ಬೇಕಾಗಿದ್ದಳು. ಸಿನಿಮಾದ ಉಡುಪೊಂದನ್ನು ಬೀದಿಯಲ್ಲಿ ನಿಜವಾಗಿ ತೊಡುವಂತೆ ಮಾಡಿ, ಸ್ವಂತ ಕೈಯಲ್ಲಿ ಹೊಲಿದು ತರಬೇಕು. ಯಾರದು ಮೆಚ್ಚುಗೆಯಾಗುತ್ತದೋ ಅವರಿಗೆ ಕೆಲಸ. ಸೂಜಿ ಅದೊಂದರ ಮೇಲೆಯೇ ಜೀವ ಇಟ್ಟುಕೊಂಡಿದ್ದಳು. ಗೆಳತಿಯ ಮನೆಯ ಮಿಷನ್ನಿನಲ್ಲಿ ಕೂತು ಕದ್ದುಮುಚ್ಚಿ ಹೊಲಿಯುತ್ತಿದ್ದಳು.

“ತಾಯಿಗೂ ತೋರಿಸಬಾರದಾ?” ಎಂದು ಟೈಲರಮ್ಮ ಕೇಳಿದ್ದಳು.

“ತೋರಿಸಿದ್ರೆ ನೀನು ಸರಿ ಮಾಡೋಕೆ ಬರ್ತೀಯ.”

ಕಾರ್ಖಾನೆಗೆ ಹೋಗಬೇಕಾದ ದಿನ ಬೆಳಿಗ್ಗೆ ಸೂಜಿ ತನ್ನ ಕೋಟನ್ನು, ಅದೂ ಮಹಾರಾಣಿಯದೇ ಬೆಳ್ಳಿ ಬಣ್ಣದ್ದು, ಮನೆಗೆ ತಂದು ಇಸ್ತ್ರಿ ಮಾಡಿದಳು. ಒಳಕೋಣೆಯ ಹಗ್ಗದ ತುಂಬ ಒದ್ದೆ ಬಟ್ಟೆ. ಮುದುಡದಿರಲಿ ಎಂದು ಕೋಟನ್ನು ಮನೆಯ ಮುಂದುಗಡೆಯ ಅಂಗಡಿಯ ಮೊಳೆಗೆ ನೇತುಹಾಕಿ ಸ್ನಾನಕ್ಕೆ ಹೋದಳು. ಹಿತ್ತಲಿನಿಂದ ನೀರು ಹೊತ್ತು ತರುತ್ತಿದ್ದ ಟೈಲರಮ್ಮ ಇದಾವುದನ್ನೂ ನೋಡಲಿಲ್ಲ. ಬಂದು ಕೂತಳು, ಮೊಳೆಯಿಂದ ಮುಂದಿನ ಕೋಟು ತೆಗೆದಳು, ಬಿಚ್ಚತೊಡಗಿದಳು.

ಈ ಕಾಲರಿನೊಳಗೆ ಗಟ್ಟಿ ಪಟ್ಟಿ ಇರಲಿಲ್ಲ. ಬದಲಿಗೆ ಬೀಸಣಿಗೆಯಂತೆ ಮಡಚಿದ ಸಣ್ಣ ಸಣ್ಣ ನೆರಿಗೆಗಳಿದ್ದವು. ಇದೇನಪ್ಪ ಹೊಸ ತಲೆನೋವು ಎಂದುಕೊಂಡಳು. ಹೊಲಿಗೆ ಮಾತ್ರ ಹದವಾಗಿತ್ತು, ಅಂಚು ತಿರುವಿದ ರೀತಿಯೂ ಪರಿಚಯದ್ದೇ. ಹಿಂದೆ ತಾನೇ ಇಳಿಸಿಕೊಟ್ಟ ಕೋಟಿರಬೇಕು, ಸಾಲದೆಂದು ಮತ್ತೆ ತಂದಿದ್ದಾರೆ ಎಂದುಕೊಂಡಳು. ಅಷ್ಟರ ಮೇಲೆ ಯೋಚಿಸುವ ಗೋಜಿಗೆ ಹೋಗಲಿಲ್ಲ. ಕಾಲರನ್ನು ಬುಡಕ್ಕೆ ಕತ್ತರಿಸಿ, ರೆಕ್ಕೆ ಇಳಿಸಿ, ಅಂಚು ಮಡಚುತ್ತಿದ್ದಳು.

“ಅಮ್ಮಾ. ಅದು ನಂದು.”

ಬಾಗಿಲಲ್ಲಿ ಸೂಜಿ ನಿಂತಿದ್ದಳು, ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು. ಕೂಗಾಡುತ್ತಾಳೆ ಎಂದು ಟೈಲರಮ್ಮ ಕಾದಳು. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಮಗಳು ಬಂದು ನೆಲದ ಮೇಲೆ ಬಿದ್ದಿದ್ದ ಕಾಲರಿನ ತುಂಡನ್ನು ಎತ್ತಿಕೊಂಡು ಕತ್ತಿಗೆ ಹಿಡಿದಳು. ತಲೆಯನ್ನು ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು. ನೆರಿಗೆಗಳು ಒಂದು ಕಡೆ ಬಿಚ್ಚಿಕೊಂಡವು, ಇನ್ನೊಂದು ಕಡೆ ಮುಚ್ಚಿಕೊಂಡವು. ಕಾಲರ್ ಕಿವಿಗಿಂತ ಎತ್ತರಕ್ಕೆ ನಿಂತೇ ಇತ್ತು, ಕತ್ತು ಸಲೀಸಾಗಿ ತಿರುಗುತ್ತಿತ್ತು.

“ನೋಡು, ತಿರುಗುತ್ತೆ. ದಿನಾ ನೀನು ಕತ್ತರಿಸೋದನ್ನ ನೋಡೀ ನೋಡೀ, ಕತ್ತರಿಸಬೇಕಾಗೇ ಇಲ್ಲದ ಹಾಗೆ ಮಾಡಿದ್ದೆ.”

ಟೈಲರಮ್ಮ ಕೈ ಚಾಚಿದಳು. “ಕೊಡು, ಕೂಡಿಸಿಬಿಡ್ತೀನಿ.”

“ಬುಡದಲ್ಲಿ ಹೊಲಿಗೆ ದಪ್ಪ ಆದ್ರೆ ನೆರಿಗೆ ಆಡಲ್ಲ. ನಿಂಗೇ ಗೊತ್ತಲ್ಲ.”

ಗೊತ್ತಿತ್ತು. ಹೊಸದಾಗಿ ನೆರಿಗೆ ಹಿಡಿದು ಕೂರಿಸುವಷ್ಟು ಹೊತ್ತೂ ಇರಲಿಲ್ಲ.

“ನಾನೂ ಬರ್ತೀನಿ. ತಪ್ಪು ನಂದು ಅಂತ ಹೇಳ್ತೀನಿ.”

“ಏನಂತ? ನಮ್ಮಮ್ಮ ಕತ್ತರಿಸಿಬಿಟ್ರು ಅಂತ ಹೇಳಿಸೋಕೆ ನಾನೇನು ಬಾಲವಾಡಿಗೆ ಸೇರ್ತಿದೀನಾ?” ಸೂಜಿ ತುಂಡನ್ನು ಮಡಚಿಕೊಂಡಳು. “ಅದು ಹೋಗ್ಲಿ. ಯಾರ ಹೊಲಿಗೆ ಅಂತ ಕಣ್ಣುಮುಚ್ಚಿ ಹೇಳ್ತೀಯಲ್ಲ, ನನ್ನ ಕೈ ಗೊತ್ತಾಗ್ಲಿಲ್ವಾ?”

“ನಂದೇ ಅಂದ್ಕೊಂಡೆ ಕಣೇ.”

ಬೇರೆ ಯಾರಾದರೂ ಆಗಿದ್ದರೆ ಅದನ್ನು ಹೊಗಳಿಕೆ ಎಂದುಕೊಳ್ಳುತ್ತಿದ್ದರು. ಸೂಜಿಯ ಮುಖ ಮಾತ್ರ ಇನ್ನಷ್ಟು ಇಳಿದುಹೋಯಿತು. ತಾಯಿ ಮಡಚಿಟ್ಟ ಅಂಚನ್ನು ತಾನೇ ಹೊಲಿದು ಮುಗಿಸಿದಳು. ಕೋಟನ್ನೂ ತುಂಡನ್ನೂ ಒಂದೇ ಚೀಲಕ್ಕೆ ಹಾಕಿಕೊಂಡು ಹೊರಟಳು.

ಆ ಮಧ್ಯಾಹ್ನ ಟೈಲರಮ್ಮನಿಗೆ ಊಟ ಸೇರಲಿಲ್ಲ. ಮೊಳೆಯ ಮೇಲಿನ ಕೋಟುಗಳನ್ನು ಮುಟ್ಟಲು ಕೈ ಬರಲಿಲ್ಲ. ಬೀದಿಯಲ್ಲಿ ಹೆಜ್ಜೆ ಸಪ್ಪಳವಾದಾಗಲೆಲ್ಲ ಇಣುಕಿ ನೋಡಿದಳು.

ಬೆಳಕಿರುವಾಗಲೇ ಸೂಜಿ ಬಂದಳು. ಚಪ್ಪಲಿ ಬಿಟ್ಟಳು, ನೀರು ಕುಡಿದಳು, ಆಮೇಲೆ ಹೇಳಿದಳು. “ಹೊಲಿಗೆ ತುಂಬಾ ಚೆನ್ನಾಗಿದೆ ಅಂದ್ರು. ಹೊಲಿಯೋರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ ಅಂದ್ರು.”

“ಆ ತುಂಡು ತೋರಿಸ್ಲಿಲ್ವಾ?”

“ತೋರಿಸಿದೆ. ಮೈಮೇಲೆ ನಿಂತಿರೋದನ್ನ ತೋರ್ಸಮ್ಮ, ಕೈಯಲ್ಲಿರೋದನ್ನಲ್ಲ ಅಂದ್ರು. ಅವರದೇನೂ ತಪ್ಪಿಲ್ಲ.”

ಸೂಜಿ ಸ್ಟೂಲು ಎಳೆದು ತಾಯಿಯ ಪಕ್ಕದಲ್ಲಿ ಕೂತಳು. ಮೊಳೆಯಿಂದ ಟೀಚರಿನ ಕೋಟು ತೆಗೆದು ಕಾಲರ್ ಬಿಚ್ಚಿದಳು, ಪಟ್ಟಿ ಎಳೆದಳು, ಕತ್ತರಿ ತೆಗೆದುಕೊಂಡು ಒಂದೇ ಏಟಿಗೆ ನೆಟ್ಟಗೆ ಕತ್ತರಿಸಿದಳು. ಬೆನ್ನು ತಾಯಿಯದರಂತೆಯೇ ಬಗ್ಗಿತ್ತು.

ಟೈಲರಮ್ಮನಿಗೆ ನೋಡಲಾಗಲಿಲ್ಲ. ಮಗಳ ಕೈಯಿಂದ ಕತ್ತರಿ ಕಿತ್ತುಕೊಂಡಳು. “ಬೇಡ. ಈ ಅಂಗಡೀಲಿ ನೀನು ಕತ್ತರಿ ಮುಟ್ಟಬೇಡ.”

ಸೂಜಿ ತಲೆಯೆತ್ತಿ ತಾಯಿಯನ್ನು ನೋಡಿದಳು.

“ಮತ್ತೆಲ್ಲಿ ಮುಟ್ಟಲಿ, ಹೇಳು?”

ಟೈಲರಮ್ಮ ಹೇಳಲು ಬಾಯಿ ತೆರೆದಳು. ಹೊರಗೆ ಮೆಟ್ಟಿಲ ಮೇಲೆ ಯಾರೋ ಬೆಳ್ಳಿ ಬಣ್ಣದ ಕೋಟು ಹಿಡಿದು ನಿಂತು, “ಟೈಲರಮ್ಮಾ, ಇದ್ದೀರಾ?” ಎಂದು ಕೂಗಿದರು. ತಾಯಿ ಮಗಳು ಇಬ್ಬರೂ ಏಳಲಿಲ್ಲ.