ಚಹಾಪುಡಿಯ ನಾಯಕಿ

ಅಂದು ಬೆಳಿಗ್ಗೆಯಿಂದಲೇ ಹುಚ್ಚು ಗಾಳಿ. ನಿರ್ಮಾಪಕ ಕಿಟಕಿಗಳನ್ನೆಲ್ಲ ಮುಚ್ಚಿ, ಫ್ಯಾನನ್ನೂ ನಿಲ್ಲಿಸಿ ಬೆವರುತ್ತಿದ್ದ. ಸ್ವತಂತ್ರ ನಿರ್ಮಾಪಕನೆಂದರೆ ಯಾರೂ ಕಾಸು ಬಿಚ್ಚದ ನಿರ್ಮಾಪಕ. ದೇವರು ಮಣ್ಣಿನಿಂದ ಮನುಷ್ಯನನ್ನು ಮಾಡಿದನಂತೆ. ಇವನ ಕೈಗೆ ಎಟುಕಿದ್ದು ಚಹಾಪುಡಿ. ಅತ್ತೆಯ ಟೀಪಾಯಿ ಗಾಜನ್ನು ಎರವಲು ತಂದು, ಅದರ ಮೇಲೆ ಪುಡಿಯಲ್ಲೇ ಚಿತ್ರಗಾರ್ತಿಯೊಬ್ಬಳಿಂದ ತನ್ನ ಅನಿಮೇಶನ್ ಸಿನಿಮಾದ ನಾಯಕಿಯನ್ನು ಬರೆಸಿದ್ದ. ಚಿತ್ರಗಾರ್ತಿ ಕುಂಚದಿಂದ ಅವಳನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಫೋಟೋ ತೆಗೆಯುವುದು, ಮತ್ತೆ ಸರಿಸುವುದು. ಹೀಗೇ ನಾಯಕಿ ನಡೆದಳು, ನಕ್ಕಳು, ಮುದುಕಿಯಾದಳು. ಸಾಯುವುದೊಂದು ಬರಲಿಲ್ಲ. ಎಷ್ಟು ಸಲ ಸಾಯಿಸಿದರೂ ನಿದ್ದೆ ಹೋದಂತೆಯೇ ಕಾಣುತ್ತಿದ್ದಳು. ಅವಳು ಸಾಯದೆ ಸಿನಿಮಾ ಮುಗಿಯುವಂತಿರಲಿಲ್ಲ.

ಅಷ್ಟರಲ್ಲಿ ಬಾಗಿಲಾಚೆ ಅತ್ತೆಯ ದನಿ.

“ಅಳಿಯಂದ್ರೇ, ಸಂಜೆ ನೆಂಟರು ಬರ್ತಾರೆ. ನನ್ನ ಗಾಜು ಕೊಡಿ.”

“ಸ್ವಲ್ಪ ತಡೀರಿ ಅತ್ತೆ, ಅವಳು ಸಾಯ್ಲಿ.”

“ನಿಮ್ಮ ಕೈಗೆ ಸಿಕ್ಕೂ ಇನ್ನೂ ಬದುಕಿದಾಳಾ? ಗಟ್ಟಿಗಿತ್ತಿ,” ಎನ್ನುತ್ತ ಅತ್ತೆ ಬಾಗಿಲು ತಳ್ಳಿದರು.

ಅವರ ಹಿಂದೆಯೇ ಗಾಳಿ ನುಗ್ಗಿತು. ನಾಯಕಿಯ ಕೂದಲು ಚೆದುರಿತು, ಮುಖ ಕರಗಿತು, ಗಾಜು ಬರಿದಾಯಿತು. ನಿರ್ಮಾಪಕ ತಲೆಯ ಮೇಲೆ ಕೈ ಹೊತ್ತ. ಚಿತ್ರಗಾರ್ತಿ ಮಾತ್ರ ಕ್ಯಾಮೆರಾದ ಗುಂಡಿ ಒತ್ತುತ್ತಲೇ ಇದ್ದಳು.

“ಪೂರ್ತಿ ಸಿಕ್ತು ಸರ್,” ಎಂದಳು. “ಎಷ್ಟು ಚೆನ್ನಾಗಿ ಹೋದ್ಲು.”

“ಪಾಪ, ನನ್ನ ಮುಖ ನೋಡೋಕೇ ಜೀವ ಹಿಡ್ಕೊಂಡಿದ್ಲೇನೋ,” ಎಂದರು ಅತ್ತೆ, ಸೀನುತ್ತ.

ನಿರ್ಮಾಪಕ ಗಾಜನ್ನು ಒರೆಸಿ, ಎರಡೂ ಕೈಯಿಂದ ಅವರಿಗೆ ಒಪ್ಪಿಸಿದ.