ಮೇಲೂರಿನ ಒಲೆ

ಹುಲಿಗಲ್ಲು ಬೆಟ್ಟಕ್ಕೆ ಎರಡು ಊರುಗಳು. ತಪ್ಪಲಿನಲ್ಲಿರುವುದು ಕೊಪ್ಪಲು. ಮನೆಗಳು, ಹಾಲಿನ ಡೈರಿ, ಕೆ.ಆರ್. ಪೇಟೆಯ ಬಸ್ಸು ನಿಲ್ಲುವ ಅರಳಿಮರ ಎಲ್ಲವೂ ಅಲ್ಲಿವೆ. ಬೆಟ್ಟದ ಅರ್ಧ ಎತ್ತರದಲ್ಲಿ, ಬಂಡೆಗಳ ನಡುವಿನ ಸಮತಟ್ಟಿನಲ್ಲಿರುವುದು ಮೇಲೂರು. ಅಲ್ಲಿ ಈಗ ಯಾರೂ ಮಲಗುವುದಿಲ್ಲ. ಆದರೆ ಕೊಪ್ಪಲಿನವರ ಹೊಲಗಳೆಲ್ಲ ಇರುವುದು ಮೇಲೂರಿನಲ್ಲೇ. ಬೆಟ್ಟದ ನೆತ್ತಿ ಬೋಳು ಬಂಡೆ. ಅದರ ಮೇಲೆ ಬಿದ್ದ ಮಳೆ ಇಂಗದೆ ಜಾರಿ ದೊಣೆಯಲ್ಲಿ, ಅಂದರೆ ಬಂಡೆಯ ದೊಡ್ಡ ಕುಳಿಯಲ್ಲಿ, ನಿಲ್ಲುತ್ತದೆ. ದೊಣೆಯಿಂದ ಕಲ್ಲಿನಲ್ಲೇ ಕಡಿದ ಕಾಲುವೆಯೊಂದು ಮೆಟ್ಟಿಲು ಮೆಟ್ಟಿಲಾದ ಹೊಲಗಳಿಗೆ ಇಳಿಯುತ್ತದೆ. ಸುತ್ತಲ ಊರುಗಳಲ್ಲಿ ರಾಗಿ ಬಾಡಿದ ವರ್ಷವೂ ಇಲ್ಲಿ ತೆನೆ ಬಾಗುತ್ತದೆ.

ಪ್ಲೇಗು ಬಂದ ಕಾಲದಲ್ಲಿ ಜನ ಮೇಲೂರು ಬಿಟ್ಟು ಕೆಳಗಿಳಿದರು. ಇಳಿಯುವ ಮುನ್ನ ಹಿರಿಯರು ಒಂದು ಕಟ್ಟಳೆ ಮಾಡಿದರು. ಹೊಗೆ ಏಳುವ ತನಕ ಊರು ಸಾಯುವುದಿಲ್ಲ. ಆದ್ದರಿಂದ ಊರ ಮುಂದಿನ ಕಲ್ಲಿನ ಪಕ್ಕದ ಒಲೆಯನ್ನು ದಿನಕ್ಕೊಂದು ಮನೆಯವರು ಸರದಿಯಂತೆ ಹತ್ತಿ ಹೋಗಿ ಹಚ್ಚಬೇಕು. ಹೊಲದ ಕೆಲಸವಿದ್ದರೆ ಅದರ ಮೇಲೆ ಮುದ್ದೆ ಬೇಯುತ್ತದೆ. ಇಲ್ಲದಿದ್ದರೆ ಒಂದು ಚೊಂಬು ನೀರು ಕಾಯಿಸಿ ಇಳಿದು ಬರುತ್ತಾರೆ. ಅಂದಿನಿಂದ ಇದು ತಪ್ಪಿದ್ದು ಊರಿನಲ್ಲಿ ಸಾವಾದ ದಿನಗಳಲ್ಲಿ ಮಾತ್ರ. ಹೆಣ ಎತ್ತುವ ತನಕ ಊರಿನ ಯಾವ ಒಲೆಯನ್ನೂ ಹಚ್ಚುವಂತಿಲ್ಲ. ಮೇಲೂರಿನ ಒಲೆಯೂ ಊರಿನದೇ.

ಸರ್ಕಾರದ ದಾಖಲೆಯಲ್ಲಿ ಮೇಲೂರು ‘ಬೇಚರಾಕ್’, ಜನವಸತಿಯಿಲ್ಲದ ಗ್ರಾಮ. ಹೊಲಗಳಿಗೆ ಪಹಣಿ ಇತ್ತು. ದೊಣೆಯಿದ್ದ ಬಂಡೆಗೆ ಇರಲಿಲ್ಲ. ೧೯೯೬ರಲ್ಲಿ, ಹೇಗೂ ಹಾಳೂರಿನದೆಂದು, ಆ ಬಂಡೆಯನ್ನು ಜಲ್ಲಿ ಕ್ವಾರಿಗೆ ಕೊಡುವ ಮಾತು ಹೊರಟಿತು. ಊರಿನಲ್ಲಿ ಬಿ.ಎಸ್ಸಿ. ಪಾಸು ಮಾಡಿದ್ದ ಚಿಕ್ಕೇಗೌಡರ ಮಗಳು ಪವಿತ್ರ ತಕರಾರು ಅರ್ಜಿ ಬರೆದಳು. ಮೇಲೂರು ಹಾಳಾಗಿಲ್ಲ, ಅದು ನಮ್ಮ ಊರೇ, ಅಲ್ಲಿ ದಿನವೂ ಒಲೆ ಉರಿಯುತ್ತದೆ ಎಂಬುದು ಅದರ ಸಾರ. ಸ್ಥಳ ನೋಡಲು ಗುರುವಾರ ಅಧಿಕಾರಿಯೊಬ್ಬರು ಬರುತ್ತಾರೆಂದು ಗೊತ್ತಾಯಿತು. ‘ಒಲೆ ಉರಿಯುತ್ತಿದ್ದರೆ ಉರಿಯುತ್ತಿದೆ ಅಂತ ಬರೀತೀನಿ’ ಎಂದು ಅವರು ಪವಿತ್ರಳಿಗೆ ಹೇಳಿದ್ದರು.

ಗುರುವಾರ ಬೆಳಗ್ಗೆ ಚಿಕ್ಕೇಗೌಡರ ತಾಯಿ ಬೆಟ್ಟಮ್ಮ ತೀರಿಕೊಂಡರು.

ಜಗಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದ ಹೆಣದ ಮುಂದೆ ಊರೆಲ್ಲ ಸೇರಿತು. ಅಂದಿನ ಸರದಿ ಎದುರುಮನೆಯ ಸಿದ್ದಲಿಂಗಮ್ಮನದು. ಅತ್ತು ಮುಗಿಸಿ ಮೂಗು ಒರೆಸಿಕೊಂಡು ಮೊದಲು ಬಾಯಿಬಿಟ್ಟವಳೂ ಅವಳೇ.

“ಲೇ ಚಿಕ್ಕ, ನಾನ್ ಮೇಲಕ್ ಓಯ್ತೀನಿ ಕಣ್ಲಾ. ಒಲೆ ಅಚ್ಚದೆ ಇದ್ರೆ ಬಂಡೆ ಓಯ್ತದೆ.”

“ಅವ್ವ ಇನ್ನೂ ಇಲ್ಲೇ ಅವ್ಳೆ ಸಿದ್ದಕ್ಕ” ಎಂದರು ಚಿಕ್ಕೇಗೌಡರು.

“ಇದ್ರೆ ಏನಂತೆ? ಜೀವ ಇದ್ದಿದ್ರೆ ನನ್ನ ಅತ್ಲಾಗ್ ತಳ್ಬುಟ್ಟು ಅವಳೇ ಓಗಿ ಊದ್ತಿದ್ಲು.”

ಒಂದಿಬ್ಬರು ನಕ್ಕರು. ಪಕ್ಕದಲ್ಲಿದ್ದ ನಿಂಗೇಗೌಡ ಬೇರೆ ದಾರಿ ಹೇಳಿದ. “ಬ್ಯಾಗ ಮಣ್ಣು ಮಾಡ್ಬುಡಾಣ. ಎಣ ಎತ್ತುದ್ ಮ್ಯಾಲೆ ಅಚ್ಚಕೆ ಯಾರಪ್ಪಂದೇನು?”

“ಸೋಮಿ ಬರ್ಬೇಕು” ಎಂದರು ಚಿಕ್ಕೇಗೌಡರು. ಸೋಮಮ್ಮ ಅವರ ಒಬ್ಬಳೇ ತಂಗಿ; ಶ್ರೀರಂಗಪಟ್ಟಣದ ಆಚೆಯ ಹಳ್ಳಿಗೆ ಕೊಟ್ಟಿತ್ತು. “ಅವ್ವನ ಮೊಕ ನೋಡ್ದಂಗೆ ಮಣ್ಣು ಮಾಡಿದ್ರೆ, ಅವಳ ಮೊಕ ನಾನ್ ಎಂಗ್ಲಾ ನೋಡ್ಲಿ?”

“ಅವಳು ಪಾಂಡವಪುರಕ್ ಬಂದು, ಬಸ್ಸು ಬದಲಾಯಿಸಿ, ಇಲ್ಲಿಗ್ ಬರಾದು ಸಂಜೆ ಆಯ್ತದೆ. ಆಪೀಸರು ಮದ್ಯಾನಕ್ಕೇ ಬತ್ತಾರೆ” ಎಂದ ನಿಂಗೇಗೌಡ.

“ಅಂಗಾರೆ ಮೇಲೂರೇ ಬ್ಯಾರೆ ಅಂದ್ಕಳಿ” ಎಂದಳು ಸಿದ್ದಲಿಂಗಮ್ಮ. “ಸಾವಾಗಿರಾದು ಕೊಪ್ಪಲಲ್ಲಿ. ಮ್ಯಾಲೆ ಯಾರ್ ಸತ್ತವ್ರೆ?”

ಚಿಕ್ಕೇಗೌಡರು ಮಗಳ ಕಡೆ ತಿರುಗಿದರು. “ಅರ್ಜೀಲಿ ಏನ್ ಬರ್ದಿದ್ದೀಯ ಮಗ?”

“ಮೇಲೂರು ನಮ್ಮ ಊರೇ ಅಂತ, ಅಪ್ಪ.”

“ಕೇಳ್ದ್ಯಾ ಸಿದ್ದಕ್ಕ? ನಮ್ಮೂರೇ ಆದ್ರೆ ಇವತ್ತು ಅಚ್ಚಂಗಿಲ್ಲ. ಅಚ್ಚಿದ್ರೆ ಅದು ನಮ್ಮೂರಲ್ಲ ಅಂತ ನಾವೇ ಒಪ್ಕಂಡಂಗೆ.”

ಪವಿತ್ರ ತಂದೆಯ ಮಾತಿನಲ್ಲಿ ತಪ್ಪು ಹುಡುಕಿದಳು, ಸಿಗಲಿಲ್ಲ. ಮಧ್ಯಾಹ್ನಕ್ಕೆ ಮುಂಚೆ ಅವಳೂ ಸಿದ್ದಲಿಂಗಮ್ಮನೂ ಅಧಿಕಾರಿಯನ್ನು ಎದುರುಗೊಳ್ಳಲು ಬೆಟ್ಟ ಹತ್ತಿದರು.

ಒಲೆಯಲ್ಲಿ ಹಿಂದಿನ ದಿನದ ಬೂದಿ ತಣ್ಣಗಿತ್ತು. ಪಕ್ಕದಲ್ಲಿ ಒಣಪುಳ್ಳೆಯ ಹೊರೆ ಇತ್ತು. ಕೆಳಗೆ ರಸ್ತೆಯ ತಿರುವಿನಲ್ಲಿ ಜೀಪಿನ ಧೂಳು ಎದ್ದಾಗ ಸಿದ್ದಲಿಂಗಮ್ಮ ಮಡಿಲಿನಿಂದ ಬೆಂಕಿಪೊಟ್ಟಣ ತೆಗೆದು ಪವಿತ್ರಳ ಕೈಗೆ ಇಟ್ಟಳು.

“ನನ್ ಕೈಲಿ ಆಗಕಿಲ್ಲ. ನೀನ್ ಓದ್ದೋಳು, ಅಚ್ಬುಡು. ಪಾಪ ಬಂದ್ರೆ ನಂಗೇ ಬರ್ಲಿ.”

ಪವಿತ್ರ ಪುಳ್ಳೆಗಳನ್ನು ಒಲೆಯೊಳಗೆ ಒಟ್ಟಿದಳು. ಒಂದು ಕಡ್ಡಿ ಸಾಕಿತ್ತು. ದೊಣೆ ಉಳಿಯುತ್ತದೆ, ಹೊಲ ಉಳಿಯುತ್ತದೆ. ಅಜ್ಜಿಗೂ ಬೇಕಾಗಿದ್ದುದು ಅದೇ. ಕಡ್ಡಿ ಹಿಡಿದೇ ಅವಳು ಕೆಳಗೆ ನೋಡಿದಳು. ಕೊಪ್ಪಲಿನ ಹೆಂಚುಗಳೆಲ್ಲ ಅಲ್ಲಿಂದ ಕಾಣುತ್ತಿದ್ದವು. ಒಂದು ಮನೆಯಿಂದಲೂ ಹೊಗೆ ಎದ್ದಿರಲಿಲ್ಲ. ಮಕ್ಕಳಿದ್ದ ಮನೆಗಳಲ್ಲೂ ಇಲ್ಲ. ಜಗಲಿಯ ಮೇಲೆ ಅಜ್ಜಿಯ ಸೀರೆಯ ಹಸಿರು, ಅದರ ಪಕ್ಕ ತಂದೆಯ ಬಿಳಿ ಪಂಚೆ. ಅವರು ತಲೆಯೆತ್ತಿದರೆ ಮೊದಲು ಕಾಣುವುದು ಈ ಒಲೆಯ ಹೊಗೆ.

ಅವಳು ಕಡ್ಡಿಯನ್ನು ಪೊಟ್ಟಣದೊಳಗೆ ಇಟ್ಟಳು.

ಅಧಿಕಾರಿ ಒಳ್ಳೆಯ ಮನುಷ್ಯ. ಏದುಸಿರು ಬಿಡುತ್ತ ಹತ್ತಿ ಬಂದು, ಸಿದ್ದಲಿಂಗಮ್ಮ ಕೊಟ್ಟ ದೊಣೆಯ ನೀರು ಕುಡಿದು, ಕಾಲುವೆಯ ಉದ್ದಕ್ಕೂ ನಡೆದು ನೋಡಿದರು. ಕೊನೆಗೆ ಒಲೆಯ ಮುಂದೆ ನಿಂತರು.

“ಉರೀತಿಲ್ವಲ್ಲಮ್ಮ.”

“ಬೆಳಗ್ಗೆ ನಮ್ಮಜ್ಜಿ ತೀರ್ಕೊಂಡ್ರು ಸಾರ್. ಸಾವಾದ ದಿನ ಊರಲ್ಲಿ ಒಲೆ ಹಚ್ಚಲ್ಲ. ಇದೂ ಊರೇ ಆದ್ದರಿಂದ ಇದನ್ನೂ ಹಚ್ಚಿಲ್ಲ. ಹಾಳೂರಾಗಿದ್ದರೆ ಹಚ್ಚೋಕೆ ಯಾವ ಅಡ್ಡಿಯೂ ಇರ್ತಿರಲಿಲ್ಲ.”

ಅವರು ಟೋಪಿ ತೆಗೆದರು. ಕೆಳಗಿನ ಮನೆಗಳ ಕಡೆ ಸ್ವಲ್ಪ ಹೊತ್ತು ನೋಡಿದರು. “ನೀನು ಹೇಳಿದ್ದು ನನಗೆ ಅರ್ಥವಾಯ್ತು ತಾಯಿ. ಆದರೆ ನಾನು ಬರೆಯೋದು ಕಣ್ಣಿಗೆ ಕಂಡದ್ದು. ಒಲೆ ಇದೆ, ಬೂದಿ ಇದೆ, ಬೆಂಕಿ ಇಲ್ಲ. ಉಳಿದದ್ದು ಮೇಲಿನವರಿಗೆ ಬಿಟ್ಟದ್ದು.”

“ನಾಳಿಕ್ ಬನ್ನಿ ಸ್ವಾಮಿ” ಎಂದಳು ಸಿದ್ದಲಿಂಗಮ್ಮ. “ಮುದ್ದೆನೇ ಇಕ್ತೀನಿ.”

“ನಾಳೆ ನಾಗಮಂಗಲದ ಕಡೆ ಕೆಲಸ ಇದೆಯಮ್ಮ” ಎಂದು ಅವರು ಇಳಿದರು. ಧೂಳು ಬಂದ ದಾರಿಯಲ್ಲೇ ಹೋಯಿತು.

ಹೊತ್ತು ಇಳಿಯುವಾಗ ಸೋಮಮ್ಮ ಬಸ್ಸಿನಿಂದ ಇಳಿದು ಅರಳಿಮರದಿಂದಲೇ ಗೋಳಾಡುತ್ತ ಬಂದಳು. ತಾಯಿಯ ಮುಖ ಹಿಡಿದುಕೊಂಡು ಅತ್ತಳು. ಆಮೇಲೆ ಮಣ್ಣು ಮಾಡಿದರು. ಸ್ನಾನ ಮುಗಿಸಿ ಬಂದವರು ಅಂಗಳದಲ್ಲಿ ಕೂತಿದ್ದಾಗ ಚಿಕ್ಕೇಗೌಡರಿಗೆ ಒಂದು ಸಂಶಯ ಬಂತು. ಬೆಳಗ್ಗೆ ಡೈರಿಯ ಫೋನಿನಲ್ಲಿ ಅವರು ತಂಗಿಗೆ ಹೇಳಿಸಿದ್ದು ‘ಅವ್ವಂಗೆ ಉಸಾರಿಲ್ಲ’ ಎಂದಷ್ಟೇ.

“ಅರಳಿಮರದತ್ರ್ಲೇ ಗೋಳಾಡ್ಕಂಡ್ ಬಂದ್ಯಲ್ಲವ್ವ. ನಿಂಗ್ಯಾರು ಏಳುದ್ರು?”

“ಯಾರ್ ಏಳ್ಬೇಕಣ್ಣ? ಬಸ್ಸಲ್ಲಿ ಬರೋವಾಗೆಲ್ಲ ಆ ತಿರುವಲ್ಲಿ ಬಗ್ಗಿ ಮೇಲೂರ ನೋಡ್ತೀನಿ. ಇವತ್ತು ಒಗೆ ಇರ್ನಿಲ್ಲ. ಆವಾಗ್ಲೇ ಗೊತ್ತಾಯ್ತು, ಅವ್ವ ಓದ್ಲು ಅಂತ.” ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ಯಾಕಣ್ಣ, ಅಂಗ್ ನೋಡ್ತೀಯಾ? ನನ್ನಿಂದ ಏನಾರಾ ಆಯ್ತಾ?”

ಚಿಕ್ಕೇಗೌಡರು ಮಗಳ ಮುಖ ನೋಡಲಿಲ್ಲ.

“ಏನೂ ಇಲ್ಲ ಕಣವ್ವ. ನಿನ್ನಿಂದ ಏನೂ ಇಲ್ಲ.”

ಪವಿತ್ರ ಎದ್ದು ರಸ್ತೆಯ ಕಡೆ ಹೋಗಿ ನಿಂತಳು. ಬಸ್ಸು ಬಂದುಹೋಗುವ ಆ ತಿರುವು ಮಬ್ಬಿನಲ್ಲಿ ಇನ್ನೂ ಕಾಣುತ್ತಿತ್ತು. ಮಧ್ಯಾಹ್ನ ಜೀಪು ಬಂದಿದ್ದೂ ಹೋಗಿದ್ದೂ ಅದೇ ತಿರುವಿನಲ್ಲಿ.

ಮನೆಗಳಲ್ಲಿ ಒಂದೊಂದಾಗಿ ಒಲೆ ಹೊತ್ತಿಕೊಂಡವು. ಸಿದ್ದಲಿಂಗಮ್ಮ ಬೆಂಕಿಪೊಟ್ಟಣವನ್ನು ಮಡಿಲಿಗೆ ಸಿಕ್ಕಿಸಿಕೊಂಡು ಬಂದಳು.

“ಕತ್ಲಾಯ್ತಲ್ಲ ಅತ್ತೆ, ಇವಾಗ ಯಾರು ನೋಡ್ತಾರೆ?” ಎಂದಳು ಪವಿತ್ರ.

“ನೋಡ್ಲಿ ಬುಡ್ಲಿ, ಇವತ್ತು ನನ್ ಸರದಿ. ನೀ ಒಟ್ಟಿರೋ ಪುಳ್ಳೆ ಅಂಗೇ ಐತೆ. ಬ್ಯಾಟ್ರಿ ಇಡ್ಕಂಡು ಬಾ, ಸುಮ್ಕೆ ನಿಂತ್ಕಬ್ಯಾಡ.”

ಪವಿತ್ರ ಒಳಗೆ ಹೋಗಿ ಬ್ಯಾಟರಿ ತಂದಳು.